ಹೊರಡುವ ಮುನ್ನವೇ ತಲುಪುತ್ತಿದ್ದ ವಿಮಾನ

ಪ್ರಪಂಚದ ಅತಿ ವೇಗದ ಪ್ರಯಾಣಿಕರ ವಿಮಾನ ಯಾವುದು? ಕಾಂಕಾರ್ಡ್.

ನಾನು ಹೈಸ್ಕೂಲಿನಲ್ಲಿ ಓದುತ್ತಿದ್ದಾಗ ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ಈ ಪ್ರಶ್ನೆ ತಪ್ಪದೆ ಇರುತ್ತಿತ್ತು. ಅತಿ ಎತ್ತರದ ಶಿಖರ, ಅತಿ ದೊಡ್ಡ ಮರುಭೂಮಿ, ಅತಿ ಆಳದ ಸಾಗರ, ಇವುಗಳ ಸಾಲಿನಲ್ಲೇ ಅದೂ ಒಂದು. ಟೀಚರಾದ ಮೇಲೆ ನಾನೂ ಎಷ್ಟು ಮಕ್ಕಳನ್ನು ಎಬ್ಬಿಸಿ ನಿಲ್ಲಿಸಿ ಇದನ್ನು ಕೇಳಿದ್ದೇನೋ ಲೆಕ್ಕವಿಲ್ಲ. ಎವರೆಸ್ಟ್ ಇವತ್ತಿಗೂ ಅಲ್ಲೇ ಇದೆ. ಸಹಾರಾ ಕೂಡ ಎಲ್ಲೂ ಹೋಗಿಲ್ಲ. ಕಾಂಕಾರ್ಡ್ ಮಾತ್ರ 2003ರಲ್ಲಿ ಹಾರುವುದನ್ನು ನಿಲ್ಲಿಸಿ, ಪ್ರಶ್ನೆಯಲ್ಲಿದ್ದ 'ಯಾವುದು' ಎಂಬುದನ್ನು 'ಯಾವುದಾಗಿತ್ತು' ಎಂದು ತಿದ್ದುವಂತೆ ಮಾಡಿತು. ಅದಕ್ಕಿಂತ ವೇಗದ ಇನ್ನೊಂದು ಬಂದಿದ್ದರೆ ಉತ್ತರ ಬದಲಾಗುತ್ತಿತ್ತು, ಅಷ್ಟೆ. ಅದು ಬರಲಿಲ್ಲ. ಎತ್ತಿನ ಗಾಡಿ ಹೋಗಿ ಮೋಟಾರು ಬಂತು, ಹಡಗಿನ ಪ್ರಯಾಣ ಹೋಗಿ ವಿಮಾನ ಬಂತು ಎಂದು ಪಾಠ ಮಾಡಿಕೊಂಡು ಬಂದವಳಿಗೆ, ಮುಂದಕ್ಕೆ ಹೋದದ್ದು ಹೀಗೆ ಹಿಂದಕ್ಕೆ ಬಂದು ಕೂತದ್ದು ಸೋಜಿಗವಾಗಿಯೇ ಉಳಿದಿದೆ.

ನನಗೂ ಅದಕ್ಕೂ ಒಂದು ನಂಟುಂಟು. ಅದು ಮೊದಲ ಸಲ ಹಾರಿದ್ದು 1969ರ ಮಾರ್ಚ್ 2ರಂದು, ಫ್ರಾನ್ಸಿನ ತುಲೂಸ್ ಪಟ್ಟಣದಲ್ಲಿ. ನಾನು ಹುಟ್ಟಿದ್ದೂ ಅದೇ ವರ್ಷ. ನಮ್ಮ ಓರಗೆಯವರ ಮೇಲೆ ನಮಗೆ, ಹೆಂಗಸರಿಗೆ, ಒಂದು ಕಣ್ಣು ಇದ್ದೇ ಇರುತ್ತದೆ ನೋಡಿ. ಅವಳಿಗೆ ಸೊಸೆ ಬಂದಳಂತೆ, ಇವಳಿಗೆ ಸಕ್ಕರೆ ಕಾಯಿಲೆಯಂತೆ ಎಂದು ವಿಚಾರಿಸುತ್ತಿರುತ್ತೇವೆ. ನನ್ನ ಈ ಓರಗೆಯವಳು ಮೂವತ್ತನಾಲ್ಕಕ್ಕೇ ವಸ್ತುಸಂಗ್ರಹಾಲಯ ಸೇರಿದಳು. ನಾನು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡು ಇನ್ನೂ ಓಡಾಡುತ್ತಿದ್ದೇನೆ!

ರಗಳೆ ಹೆಸರಿನಿಂದಲೇ ಶುರುವಾಯಿತು. ಒಬ್ಬರೇ ಮಾಡಲಾಗದಷ್ಟು ಖರ್ಚಿನ ಕೆಲಸವೆಂದು ಬ್ರಿಟನ್ನೂ ಫ್ರಾನ್ಸೂ 1962ರ ನವೆಂಬರ್ 29ರಂದು ಒಪ್ಪಂದ ಮಾಡಿಕೊಂಡವು. ಕಾಂಕಾರ್ಡ್ ಎಂದರೆ ಸಾಮರಸ್ಯ. ಆದರೆ ಆ ಪದದ ಕೊನೆಗೆ ಫ್ರೆಂಚರು 'ಇ' ಅಕ್ಷರ ಬರೆಯುತ್ತಾರೆ, ಇಂಗ್ಲಿಷರು ಬರೆಯುವುದಿಲ್ಲ. ಬ್ರಿಟಿಷ್ ಪ್ರಧಾನಿ ಮ್ಯಾಕ್‌ಮಿಲನ್ ಅದನ್ನು ಕಿತ್ತು ಹಾಕಿಸಿದರು. 1967ರಲ್ಲಿ ತುಲೂಸ್‌ನಲ್ಲಿ ವಿಮಾನವನ್ನು ಹೊರಗೆ ತಂದು ಜನರಿಗೆ ತೋರಿಸಿದಾಗ ಮಂತ್ರಿ ಟೋನಿ ಬೆನ್ ಅದನ್ನು ಮತ್ತೆ ಸೇರಿಸಿ, ಇದು ಎಕ್ಸಲೆನ್ಸ್‌ನ 'ಇ', ಇಂಗ್ಲೆಂಡಿನ 'ಇ' ಎಂದೆಲ್ಲ ಸಮಜಾಯಿಷಿ ಕೊಟ್ಟರು. ಲಗ್ನಪತ್ರಿಕೆಯಲ್ಲಿ ಯಾರ ಹೆಸರು ಮೇಲೆ ಬರಬೇಕೆಂದು ಬೀಗರು ಜಗ್ಗಾಡಿದ ಹಾಗೆ. ಕನ್ನಡದಲ್ಲಿ ಬರೆಯುವ ನಮಗೆ ಆ ತಾಪತ್ರಯವೇ ಇಲ್ಲ. 'ಇ' ಇದ್ದರೂ ಕಾಂಕಾರ್ಡ್, ಇಲ್ಲದಿದ್ದರೂ ಕಾಂಕಾರ್ಡ್.

ಆ ಕಾಲಕ್ಕೆ ಎಲ್ಲರಿಗೂ ಅದು ಬೇಕಾಗಿತ್ತು. ಅಮೆರಿಕದ ಪ್ಯಾನ್ ಆಮ್, ಟಿಡಬ್ಲ್ಯುಎ ಕಂಪನಿಗಳು ಮೊದಲುಗೊಂಡು ಜಗತ್ತಿನ ಹೆಸರಾಂತ ವಿಮಾನ ಸಂಸ್ಥೆಗಳು ನನಗಿಷ್ಟು ನಿನಗಿಷ್ಟು ಎಂದು ಮುಂಗಡ ಹೆಸರು ಬರೆಸಿದ್ದವು. ನಮ್ಮ ಏರ್-ಇಂಡಿಯಾ ಕೂಡ ಎರಡಕ್ಕೆ ಬರೆಸಿತ್ತು ಎಂದರೆ ನಂಬುತ್ತೀರಾ? ನಮ್ಮ ತಂದೆ ಸ್ಕೂಟರಿಗೂ ಗ್ಯಾಸಿಗೂ ಹೆಸರು ಬರೆಸಿ ವರ್ಷಗಟ್ಟಲೆ ಕಾದ ಕಾಲವದು. ಸ್ಕೂಟರು ಕೊನೆಗೂ ಮನೆಗೆ ಬಂತು. ಏರ್-ಇಂಡಿಯಾಕ್ಕೆ ಕಾಂಕಾರ್ಡ್ ಬರಲಿಲ್ಲ. 1973ರ ಜನವರಿಯಲ್ಲಿ ಅಮೆರಿಕದ ಆ ಎರಡೂ ಕಂಪನಿಗಳು ಬೇಡವೆಂದವು. ಅದೇ ವರ್ಷದ ಕೊನೆಗೆ ತೈಲದ ಬೆಲೆ ಆಕಾಶಕ್ಕೇರಿತು. ಒಬ್ಬೊಬ್ಬರಾಗಿ ಎಲ್ಲರೂ ಜಾರಿಕೊಂಡರು. ಒಟ್ಟು ತಯಾರಾದದ್ದು ಬರೀ 20. ಅವುಗಳಲ್ಲಿ ಪ್ರಯಾಣಿಕರನ್ನು ಹೊತ್ತು ದುಡಿದವು 14, ಅವೂ ಹೆತ್ತವರ ಮನೆಯಲ್ಲೇ, ಬ್ರಿಟಿಷ್ ಏರ್‌ವೇಸ್ ಮತ್ತು ಏರ್ ಫ್ರಾನ್ಸ್ ಸಂಸ್ಥೆಗಳಲ್ಲಿ, ಉಳಿದವು. ರಷ್ಯನ್ನರು ಟುಪೊಲೆವ್-144 ಎಂಬುದನ್ನು ಎರಡು ತಿಂಗಳು ಮುಂಚೆಯೇ ಹಾರಿಸಿ ಗೆದ್ದೆವೆಂದುಕೊಂಡರು. ಆದರೆ ಅದು ಜನರನ್ನು ಹೊತ್ತದ್ದು 1977ರ ನವೆಂಬರಿನಿಂದ 1978ರ ಜೂನ್‌ವರೆಗೆ ಮಾತ್ರ.

ಕಾಂಕಾರ್ಡಿನ ಪ್ರಯಾಣ ಆರಂಭವಾದದ್ದು 1976ರ ಜನವರಿ 21ರಂದು. ಒಂದು ಲಂಡನ್ನಿನಿಂದ ಬಹರೇನ್‌ಗೆ, ಇನ್ನೊಂದು ಪ್ಯಾರಿಸ್ಸಿನಿಂದ ರಿಯೊಗೆ. ಮುಂದೆ ಹೆಸರು ಮಾಡಿದ್ದು ಮಾತ್ರ ನ್ಯೂಯಾರ್ಕ್ ದಾರಿಯಲ್ಲಿ. ಬೇರೆ ವಿಮಾನಗಳು ಏಳೆಂಟು ಗಂಟೆ ತೆಗೆದುಕೊಳ್ಳುವ ಅಟ್ಲಾಂಟಿಕ್ ಸಾಗರವನ್ನು ಅದು ಸುಮಾರು ಮೂರೂವರೆ ಗಂಟೆಯಲ್ಲಿ ದಾಟುತ್ತಿತ್ತು. ಶಬ್ದದ ಎರಡರಷ್ಟು ವೇಗ, ಗಂಟೆಗೆ 2,000 ಕಿಲೋಮೀಟರಿಗೂ ಮಿಕ್ಕು. 60,000 ಅಡಿ ಎತ್ತರ. ಲಂಡನ್ನಿಗೂ ನ್ಯೂಯಾರ್ಕಿಗೂ ಐದು ಗಂಟೆಗಳ ಅಂತರವಿದೆಯಷ್ಟೆ? ಹಾಗಾಗಿ ಲಂಡನ್ನಿನಲ್ಲಿ ಬೆಳಿಗ್ಗೆ ಹತ್ತೂವರೆಗೆ ಹೊರಟವರು ನ್ಯೂಯಾರ್ಕಿನಲ್ಲಿ ಇಳಿದಾಗ ಅಲ್ಲಿಯ ಗಡಿಯಾರದಲ್ಲಿ ಇನ್ನೂ ಹತ್ತು ಹೊಡೆದಿರುತ್ತಿರಲಿಲ್ಲ. ಹೊರಡುವ ಮುನ್ನವೇ ತಲುಪುವುದು ಎಂದರೆ ಇದೇ!

ಆಗದ ಹೋಗದ ಮಾತಿಗೆ ನಮ್ಮಲ್ಲಿ 'ಸೂರ್ಯ ಪಶ್ಚಿಮಕ್ಕೆ ಹುಟ್ಟಿದಾಗ ನೋಡೋಣ' ಎನ್ನುತ್ತೇವೆ. ಕಾಂಕಾರ್ಡಿನಲ್ಲಿ ಅದೂ ಆಗುತ್ತಿತ್ತು. ಚಳಿಗಾಲದ ಸಂಜೆ ಲಂಡನ್ನಿನಲ್ಲಿ ಸೂರ್ಯ ಮುಳುಗಿದ ಮೇಲೆ ಹೊರಟ ವಿಮಾನ ಭೂಮಿ ತಿರುಗುವುದಕ್ಕಿಂತ ವೇಗವಾಗಿ ಪಶ್ಚಿಮಕ್ಕೆ ಓಡುತ್ತಿದ್ದುದರಿಂದ, ಮುಳುಗಿದ ಸೂರ್ಯ ಎದುರಿನ ದಿಗಂತದಲ್ಲಿ ಮತ್ತೆ ಮೇಲೇಳುತ್ತಿದ್ದ. 1973ರ ಜೂನ್ 30ರಂದು ವಿಜ್ಞಾನಿಗಳು ಅದರಲ್ಲಿ ಕೂತು ಸಂಪೂರ್ಣ ಸೂರ್ಯಗ್ರಹಣವನ್ನೇ ಆಫ್ರಿಕದ ಮೇಲೆ ಅಟ್ಟಿಸಿಕೊಂಡು ಹೋದರು. ನೆಲದ ಮೇಲೆ ನಿಂತವರಿಗೆ ಹೆಚ್ಚೆಂದರೆ ಏಳು ನಿಮಿಷ ಕಾಣುವ ಪೂರ್ಣಗ್ರಹಣ ಅವರಿಗೆ 74 ನಿಮಿಷ ಸಿಕ್ಕಿತು. ನಮ್ಮಜ್ಜಿ ಗ್ರಹಣವೆಂದರೆ ಉಪ್ಪಿನಕಾಯಿ ಜಾಡಿಯ ಮೇಲೆ ದರ್ಭೆ ಇಟ್ಟು, ಬಸುರಿಯರನ್ನು ಒಳಗೆ ಕೂರಿಸಿ, ಯಾವಾಗ ಬಿಟ್ಟೀತೋ ಎಂದು ಕಾಯುತ್ತಿದ್ದರು. ಬಿಡಬೇಡ ಎಂದು ಗ್ರಹಣದ ಹಿಂದೆ ಓಡಿದವರನ್ನು ಕಂಡಿದ್ದರೆ ಏನೆನ್ನುತ್ತಿದ್ದರೋ!

ಹೀಗೆ ಉಳಿಸಿದ ಹೊತ್ತನ್ನು ಆ ಪ್ರಯಾಣಿಕರು ಏನು ಮಾಡಿದರು ಎಂಬ ಕುತೂಹಲ ನನಗೆ. ಅವರಲ್ಲಿ ಬಹಳ ಮಂದಿ ದೊಡ್ಡ ವ್ಯವಹಾರಸ್ಥರು, ಉಳಿದವರು ಸಿನಿಮಾ ತಾರೆಯರು, ಹಾಡುಗಾರರು. 1985ರ ಜುಲೈ 13ರಂದು ಗಾಯಕ ಫಿಲ್ ಕಾಲಿನ್ಸ್ ಲಂಡನ್ನಿನ ಕಛೇರಿ ಮುಗಿಸಿ, ಕಾಂಕಾರ್ಡ್ ಹತ್ತಿ, ಅದೇ ದಿನ ಅಮೆರಿಕದ ಫಿಲಡೆಲ್ಫಿಯಾದಲ್ಲೂ ಹಾಡಿದ್ದು ಪ್ರಸಿದ್ಧ. ಮಿಕ್ಕವರು ಪ್ರಾಯಶಃ ಮೂರು ಮೀಟಿಂಗಿನ ಜಾಗದಲ್ಲಿ ನಾಲ್ಕು ಮಾಡಿರಬೇಕು. ಒರಳು ಹೋಗಿ ಮಿಕ್ಸಿ ಬಂದಾಗ ಉಳಿದ ಹೊತ್ತು ನಮ್ಮ ಕೈಗೇನು ಸಿಕ್ಕಿತೆ? ಒಂದು ಚಟ್ನಿಯ ಜಾಗದಲ್ಲಿ ಎರಡು ಚಟ್ನಿ ಬೇಕೆನ್ನುವವರು ಮನೆಯಲ್ಲಿ ಹುಟ್ಟಿಕೊಂಡರು! ನನ್ನ ಮನಸ್ಸು ಹೋಗುವುದು ಆ ವಿಮಾನದ ಗಗನಸಖಿಯರ ಕಡೆಗೆ. ಹತ್ತುವ ಇಳಿಯುವ ಗಡಿಬಿಡಿ ಕಳೆದು ಉಳಿದ ಅಷ್ಟು ಹೊತ್ತಿನಲ್ಲಿ ನೂರು ಜನಕ್ಕೆ ಪಿಂಗಾಣಿ ತಟ್ಟೆಯಲ್ಲಿ ಬಗೆಬಗೆಯ ಊಟ ಬಡಿಸಿ, ತೆಗೆದು, ನಗುತ್ತ ಬೀಳ್ಕೊಡಬೇಕು. ಮದುವೆಮನೆಯಲ್ಲಿ ನೂರೆಲೆಯ ಪಂಕ್ತಿ ಎಬ್ಬಿಸಿದವರಿಗೆ ಗೊತ್ತು ಆ ಕಷ್ಟ.

2023ರಲ್ಲಿ ಮಗಳ ಬಾಣಂತನಕ್ಕೆಂದು ಇಂಗ್ಲೆಂಡಿನ ಬ್ರಿಸ್ಟಲ್ ಊರಿಗೆ ಹೋದೆ. ಬೇಸಿಗೆ ರಜೆಗೆ ಇನ್ನಷ್ಟು ರಜೆ ಸೇರಿಸಿಕೊಂಡು, ಮೆಂತ್ಯ, ಬಜೆ, ಅಂಟು ಎಲ್ಲ ಕಟ್ಟಿಕೊಂಡು ಹೋಗಿದ್ದೆ. ಮಗುವಿಗೆ ಎರಡು ತಿಂಗಳಾದ ಮೇಲೆ ಒಂದು ಶನಿವಾರ ಅಳಿಯಂದಿರು, "ಅತ್ತೆ, ಬಂದಾಗಿನಿಂದ ಅಡಿಗೆಮನೆ ಬಿಟ್ಟು ಹೊರಗೆ ಬಂದಿಲ್ಲ ನೀವು, ಬನ್ನಿ" ಎಂದು ಫಿಲ್ಟನ್ನಿನ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋದರು. ಬ್ರಿಟನ್ನಿನ ಕಾಂಕಾರ್ಡ್‌ಗಳನ್ನೆಲ್ಲ ಜೋಡಿಸಿದ ಊರು ಅದು. ಎಲ್ಲಕ್ಕಿಂತ ಕೊನೆಗೆ ಹಾರಿದ ವಿಮಾನ, 'ಆಲ್ಫಾ ಫಾಕ್ಸ್‌ಟ್ರಾಟ್' ಎಂದು ಕರೆಯುತ್ತಾರೆ, ಅಲ್ಲೇ ನಿಂತಿದೆ. ಪುಸ್ತಕದ ಚಿತ್ರದಲ್ಲಿ ಕಂಡಂತೆ ಉದ್ದ ಕುತ್ತಿಗೆ, ಚೂಪು ಮೂಗು. ಇಳಿಯುವಾಗ ಪೈಲಟ್ಟಿಗೆ ನೆಲ ಕಾಣಲೆಂದು ಆ ಮೂಗು ಕೆಳಕ್ಕೆ ಬಾಗುತ್ತಿತ್ತಂತೆ. ಕೆರೆಗೆ ಇಳಿಯುವ ಕೊಕ್ಕರೆಯೇ ಸರಿ.

ಒಳಗೆ ಹೋದೆವು. ಇಷ್ಟೇನಾ ಅನ್ನಿಸಿತು! ನಮ್ಮ ಮಿನಿ ಬಸ್ಸಿನ ಹಾಗೆ ಆಚೆಗೆರಡು ಈಚೆಗೆರಡು ಸೀಟು, ತಗ್ಗಿದ ಮಾಡು, ಅಂಗೈಯಗಲದ ಕಿಟಕಿಗಳು. ನಾನು ಬೆಂಗಳೂರಿನಿಂದ ಹತ್ತು ಗಂಟೆಗೂ ಮಿಕ್ಕು ಕೂತು ಬಂದ ವಿಮಾನವೇ ಇದಕ್ಕಿಂತ ಧಾರಾಳವಾಗಿತ್ತು. ಹಾರಾಟದಲ್ಲಿ ಗಾಳಿಯ ಉಜ್ಜಿಗೆ ಮೂಗಿನ ತುದಿ 127 ಡಿಗ್ರಿಯಷ್ಟು, ಎಂದರೆ ಕುದಿಯುವ ನೀರಿಗಿಂತ ಹೆಚ್ಚು, ಕಾಯುತ್ತಿತ್ತು. ಮೈ ಕಾದು ಇಡೀ ವಿಮಾನ ಆರರಿಂದ ಹತ್ತು ಅಂಗುಲ ಉದ್ದವಾಗುತ್ತಿತ್ತು. ಹೊರಗೆ ಮೈ ಕೊರೆಯುವ ಚಳಿಯ ಆಕಾಶ, ಒಳಗೆ ಕಿಟಕಿಯ ಗಾಜು ಮುಟ್ಟಿದರೆ ಬೆಚ್ಚಗೆ. ಅದರಲ್ಲಿ ಹೋದವರು ನೆನೆಯುವುದು ವೇಗವನ್ನಲ್ಲ, ಈ ಬೆಚ್ಚಗಿನ ಗಾಜನ್ನು, ಮತ್ತು ನಡು ಹಗಲಿನಲ್ಲೂ ಮೇಲೆ ಕಪ್ಪಗೆ ಕಾಣುತ್ತಿದ್ದ ಆಕಾಶವನ್ನು. ವೇಗ ಅವರಿಗೆ ತಿಳಿಯುತ್ತಲೇ ಇರಲಿಲ್ಲ, ಎದುರಿನ ಫಲಕದ ಮೇಲೆ ಅಂಕಿ ಬದಲಾಗುತ್ತಿತ್ತು, ಅಷ್ಟೆ. ಕಾಕ್‌ಪಿಟ್ಟಿನಲ್ಲಿ ಫ್ಲೈಟ್ ಎಂಜಿನಿಯರನ ಸಲಕರಣೆಗಳ ಪಕ್ಕದಲ್ಲಿ ಹಾರಾಟದ ವೇಳೆ ಮಾತ್ರ ಒಂದು ಸಂದು ತೆರೆದುಕೊಳ್ಳುತ್ತಿತ್ತಂತೆ. ಕೊನೆಯ ಪ್ರಯಾಣಗಳಲ್ಲಿ ಕೆಲವು ಎಂಜಿನಿಯರುಗಳು ಆ ಸಂದಿನಲ್ಲಿ ತಮ್ಮ ಟೋಪಿ ತೂರಿಸಿಟ್ಟರು. ವಿಮಾನ ತಣ್ಣಗಾಯಿತು, ಸಂದು ಮುಚ್ಚಿತು, ಟೋಪಿ ಅಲ್ಲೇ ಉಳಿಯಿತು.

ಬಿಳಿ ಬಣ್ಣವೂ ಚೆಂದಕ್ಕಲ್ಲ, ಆ ಕಾವು ತಡೆಯುವುದಕ್ಕೆ. ನಾವು ಬೇಸಿಗೆಯಲ್ಲಿ ತಿಳಿ ಬಣ್ಣದ ಸೀರೆ ಉಡುವುದಿಲ್ಲವೇ, ಹಾಗೆ. 1996ರಲ್ಲಿ ಪೆಪ್ಸಿಯವರು ಜಾಹೀರಾತಿಗೆಂದು ಒಂದು ಕಾಂಕಾರ್ಡಿಗೆ ಕಡುನೀಲಿ ಬಳಿಸಿದಾಗ, ಇದು ಪೂರ್ಣ ವೇಗದಲ್ಲಿ 20 ನಿಮಿಷಕ್ಕಿಂತ ಹೆಚ್ಚು ಹೋಗಕೂಡದು ಎಂದು ಕಟ್ಟಪ್ಪಣೆಯಾಯಿತು. ವೇಗ ಹೆಚ್ಚಿದಂತೆ ತೂಕದ ಸಮತೋಲ ಕೆಡದ ಹಾಗೆ ಇಂಧನವನ್ನು ಹಿಂದಿನ ಟ್ಯಾಂಕಿಗೆ, ಇಳಿಯುವಾಗ ಮತ್ತೆ ಮುಂದಕ್ಕೆ ಪಂಪು ಮಾಡುತ್ತಿದ್ದರು ಎಂದು ಅಳಿಯಂದಿರು ಓದಿ ಹೇಳಿದರು. ಸೊಂಟದ ಮೇಲೆ ತುಂಬಿದ ಬಿಂದಿಗೆ ಹೊತ್ತು ದಿಣ್ಣೆ ಹತ್ತಿದವಳಿಗೆ ಅದನ್ನು ವಿವರಿಸಬೇಕಾಗಿಲ್ಲ ಎಂದೆ.

ವಿಮಾನದ ರೆಕ್ಕೆಯ ಕೆಳಗೆ ಒಬ್ಬ ವೃದ್ಧೆ ನಿಂತು ಬಂದವರಿಗೆ ವಿವರಣೆ ಕೊಡುತ್ತಿದ್ದರು. ಸಂಬಳವಿಲ್ಲದ ಸೇವೆ. ಎಂಬತ್ತರ ಹತ್ತಿರ ವಯಸ್ಸು, ಅಚ್ಚುಕಟ್ಟಾಗಿ ಬಾಚಿದ ಬೆಳ್ಳಿಕೂದಲು. ಅವರ ಇಂಗ್ಲಿಷು ಅರ್ಧ ನನಗೆ ಹತ್ತಲಿಲ್ಲ. ಉಳಿದರ್ಧವನ್ನು ಅಳಿಯಂದಿರು ಬಿಡಿಸಿ ಹೇಳಿದರು. ಆಕೆಯ ಗಂಡ ಅಲ್ಲಿಯ ಕಾರ್ಖಾನೆಯಲ್ಲಿ ಲೋಹದ ತಗಡು ಕತ್ತರಿಸುವ ಕೆಲಸದಲ್ಲಿದ್ದರಂತೆ. 1969ರ ಏಪ್ರಿಲ್ 9ರಂದು ಬ್ರಿಟನ್ನಿನ ಮೊದಲ ಕಾಂಕಾರ್ಡ್ ಫಿಲ್ಟನ್ನಿನಿಂದ ಹಾರಿದಾಗ ಈಕೆ ಕೈಗೂಸನ್ನು ಎತ್ತಿಕೊಂಡು ಬೇಲಿಯ ಪಕ್ಕ ನಿಂತಿದ್ದರು. 2003ರ ನವೆಂಬರ್ 26ರಂದು, ಇದೇ ವಿಮಾನ ಊರಿನ ತೂಗುಸೇತುವೆಯ ಮೇಲಿಂದ ಹಾದು ಕೊನೆಯ ಸಲ ಇಳಿದಾಗಲೂ ಅದೇ ಬೇಲಿಯ ಪಕ್ಕ ನಿಂತಿದ್ದರು. ಅಷ್ಟರಲ್ಲಿ ಗಂಡ ಇರಲಿಲ್ಲ. ಎತ್ತಿಕೊಂಡಿದ್ದ ಕೂಸು ತಾನೇ ಅಪ್ಪನಾಗಿ ಪಕ್ಕದಲ್ಲಿ ನಿಂತಿತ್ತು.

"ನೀವು ಇದರಲ್ಲಿ ಹೋಗಿದ್ದಿರಾ?" ಎಂದು ಕೇಳಿದೆ. ಆಕೆ ನಕ್ಕುಬಿಟ್ಟರು. ಅದರ ಟಿಕೆಟಿನ ದುಡ್ಡಿನಲ್ಲಿ ಒಂದು ವರ್ಷ ಸಂಸಾರ ನಡೆಯುತ್ತಿತ್ತಂತೆ. ಗಂಡನೂ ಹೋದವರಲ್ಲ. ಆದರೆ ಮಾತಿನುದ್ದಕ್ಕೂ ಆಕೆ ಅದನ್ನು 'ನಮ್ಮದು' ಎಂದೇ ಹೇಳುತ್ತಿದ್ದರು. ನಮ್ಮ ವಿಮಾನ ಹೊರಟಿತು, ನಮ್ಮದು ಬಂತು, ಅಡಿಗೆಮನೆಯ ಕಪಾಟಿನಲ್ಲಿ ಕಪ್ಪುಗಳು ಗಲಗಲ ಎಂದವು, ನಾನು ಹಿಟ್ಟಿನ ಕೈಯಲ್ಲೇ ಹಿತ್ತಿಲಿಗೆ ಓಡಿದೆ. ಅವರ ನೆನಪುಗಳೆಲ್ಲ ಇಂಥವು, ಕತ್ತೆತ್ತಿ ನೋಡಿದವರ ನೆನಪು. ಹಣವಂತರನ್ನು ಮಾತ್ರ ಹೊತ್ತ ವಿಮಾನ, ಎರಡು ದೇಶಗಳ ಜನಸಾಮಾನ್ಯರ ತೆರಿಗೆಯಲ್ಲಿ ಕಟ್ಟಿದ್ದು. ನನಗೆ ಸಿಟ್ಟು ಬರುತ್ತಿತ್ತು. ಸಿಟ್ಟು ಬರಬೇಕಾದ ಆಕೆಗೇ ಬರದಿದ್ದುದನ್ನು ನೋಡಿ ಸುಮ್ಮನಾದೆ.

ಆದರೂ ಕತ್ತೆತ್ತಿ ನೋಡಿದವರೆಲ್ಲ ಹರಸಿದರು ಎಂದರೆ ಸುಳ್ಳಾದೀತು. ಶಬ್ದವನ್ನು ಮೀರಿ ಹೋಗುವ ವಿಮಾನದ ಹಿಂದೆ ಒಂದು ಸಿಡಿಲಿನಂಥ ಸದ್ದು ನೆಲದುದ್ದಕ್ಕೂ ಎಳೆದುಕೊಂಡು ಹೋಗುತ್ತದೆ. ಒಳಗೆ ಕೂತವರಿಗೆ ಅದು ಕೇಳಿಸುವುದೇ ಇಲ್ಲ. ಕೇಳುವ ಕರ್ಮ ಕೆಳಗಿದ್ದವರದು. ಅದು ಎಂಥದ್ದೆಂದು ಬೆಂಗಳೂರಿನವರಿಗೆ 2020ರ ಮೇ 20ರಂದು ಗೊತ್ತಾಯಿತು. ಕೊರೊನಾ ಕಾಲದ ಮಧ್ಯಾಹ್ನ, ಊರೆಲ್ಲ ಸದ್ದಿಲ್ಲದೆ ಬಿದ್ದಿತ್ತು. ನನ್ನ ತಂಗಿ ಫೋನು ಮಾಡಿ, "ಅಕ್ಕಾ, ಕಿಟಕಿ ಬಾಗಿಲೆಲ್ಲ ಅದುರಿಹೋಯ್ತು ಕಣೇ, ಭೂಕಂಪವೇ ಇರಬೇಕು, ಅತ್ತೆಯವರನ್ನು ಕರ್ಕೊಂಡು ಕೆಳಗೆ ಬಂದು ನಿಂತಿದೀವಿ" ಎಂದು ಏದುಸಿರು ಬಿಟ್ಟಳು. ವಾಯುಪಡೆಯ ವಿಮಾನವೊಂದು ಊರಿನಿಂದ ಎಷ್ಟೋ ದೂರದಲ್ಲಿ ಶಬ್ದವೇಗ ಮೀರಿ ನಡೆಸಿದ ಪರೀಕ್ಷಾ ಹಾರಾಟವದು ಎಂದು ಆಮೇಲೆ ರಕ್ಷಣಾ ಇಲಾಖೆಯವರು ಹೇಳಿದರು. ಒಂದು ಸಲದ್ದೇ ಹಾಗಾದರೆ ದಿನಕ್ಕೆ ನಾಲ್ಕು ಸಲ, ತೊಟ್ಟಿಲಿನ ಮಕ್ಕಳು, ಹೃದ್ರೋಗಿಗಳು, ಕರೆಯುವ ಹಸುಗಳು ಇರುವ ಊರುಗಳ ಮೇಲೆ ಹಾದುಹೋದರೆ?

ಆದ್ದರಿಂದಲೇ ಅಮೆರಿಕ 1973ರಲ್ಲಿ ತನ್ನ ನೆಲದ ಮೇಲೆ ನಾಗರಿಕ ವಿಮಾನಗಳು ಶಬ್ದವೇಗ ಮೀರಕೂಡದೆಂದಿತು. ಭಾರತವೂ ಒಪ್ಪಲಿಲ್ಲ. ಲಂಡನ್ನಿನಿಂದ ಬಹರೇನ್ ಮಾರ್ಗವಾಗಿ ಸಿಂಗಪುರಕ್ಕೆ ಒಂದು ಸೇವೆ 1977ರ ಡಿಸೆಂಬರಿನಲ್ಲಿ ಹೊರಟಿತ್ತು. ಒಂದು ಮಗ್ಗುಲಿಗೆ ಬ್ರಿಟಿಷ್ ಏರ್‌ವೇಸ್ ಬಣ್ಣ, ಇನ್ನೊಂದು ಮಗ್ಗುಲಿಗೆ ಸಿಂಗಪುರ್ ಏರ್‌ಲೈನ್ಸ್ ಬಣ್ಣ. ಮಲೇಷ್ಯಾ ಸದ್ದಿಗೆ ಆಕ್ಷೇಪಿಸಿದ್ದರಿಂದ ಮೂರೇ ಸಲ ಹೋಗಿ ಬಂದು ನಿಂತಿತು, 1979ರಲ್ಲಿ ಮತ್ತೆ ಶುರುವಾಗಿ 1980ಕ್ಕೆ ಮುಗಿದೇಹೋಯಿತು. ನಮ್ಮ ನೆಲದ ಮೇಲೆ ಓಡಲು ಬಿಡದ ಸರಕಾರಕ್ಕೆ ನಾನಂತೂ ಕೈಮುಗಿಯುತ್ತೇನೆ. ಉಳಿಸಿದ ಹೊತ್ತು ಮೇಲಿದ್ದವರಿಗೆ, ಬೆಚ್ಚಿ ಎದ್ದ ಮಗುವನ್ನು ಮಲಗಿಸುವ ಹೊತ್ತು ಕೆಳಗಿದ್ದವಳಿಗೆ. ಈ ಲೆಕ್ಕವನ್ನು ಕಂಪನಿಗಳ ಖಾತೆಯಲ್ಲಿ ಬರೆಯುವುದಿಲ್ಲ. ಇಂಧನದ ಲೆಕ್ಕವಾದರೂ ಅಷ್ಟೆ, ಒಬ್ಬ ಪ್ರಯಾಣಿಕನನ್ನು ಅಟ್ಲಾಂಟಿಕ್ ದಾಟಿಸಲು ಸುಮಾರು ಒಂದು ಟನ್.

2000ದ ಜುಲೈ 25ರ ಸಂಗತಿ ನಿಮಗೂ ನೆನಪಿರಬಹುದು. ಪ್ಯಾರಿಸ್ಸಿನಲ್ಲಿ ಬೇರೊಂದು ವಿಮಾನದಿಂದ ರನ್‌ವೇ ಮೇಲೆ ಬಿದ್ದಿದ್ದ, ಅರ್ಧ ಮೀಟರಿಗೂ ಕಡಿಮೆಯ ಒಂದು ಲೋಹದ ಪಟ್ಟಿಯ ಮೇಲೆ ಕಾಂಕಾರ್ಡಿನ ಚಕ್ರ ಹಾಯಿತು. ಟೈರು ಸಿಡಿದು ಅದರ ಚೂರು ರೆಕ್ಕೆಯ ಇಂಧನದ ಟ್ಯಾಂಕಿಗೆ ಬಡಿಯಿತು. ಬೆಂಕಿಯ ಬಾಲ ಎಳೆದುಕೊಂಡೇ ಮೇಲೆದ್ದ ವಿಮಾನ ಒಂದೆರಡು ನಿಮಿಷದಲ್ಲಿ ಗೊನೆಸ್ ಎಂಬ ಊರಿನ ಹೋಟೆಲಿನ ಮೇಲೆ ಬಿತ್ತು. ವಿಮಾನದಲ್ಲಿದ್ದ 109 ಮಂದಿ, ನೆಲದ ಮೇಲಿದ್ದ 4 ಮಂದಿ, ಒಟ್ಟು 113 ಜೀವ. ಪ್ರಯಾಣಿಕರಲ್ಲಿ ಬಹುಪಾಲು ಹಡಗಿನ ವಿಹಾರಕ್ಕೆ ಹೊರಟಿದ್ದ ಜರ್ಮನರು. ಟೈರು ಬದಲಾಯಿಸಿ, ಟ್ಯಾಂಕಿಗೆ ಒಳಕವಚ ಕೊಟ್ಟು 2001ರ ನವೆಂಬರ್ 7ರಂದು ಮತ್ತೆ ಹಾರಿಸಿದರು. ಅಷ್ಟರಲ್ಲಿ ನ್ಯೂಯಾರ್ಕಿನ ಜೋಡಿ ಗೋಪುರಗಳು ಉರುಳಿ ಎರಡು ತಿಂಗಳೂ ಆಗಿರಲಿಲ್ಲ. ಹತ್ತುವವರು ಕಡಿಮೆಯಾದರು, ಸಾಕುವ ಖರ್ಚು ಏರಿತು. ಏರ್ ಫ್ರಾನ್ಸ್ 2003ರ ಮೇ 31ಕ್ಕೂ, ಬ್ರಿಟಿಷ್ ಏರ್‌ವೇಸ್ ಅಕ್ಟೋಬರ್ 24ಕ್ಕೂ ನಿಲ್ಲಿಸಿದವು. ಆ ದಿನ ಲಂಡನ್ನಿನಲ್ಲಿ ಮೂರು ಕಾಂಕಾರ್ಡ್‌ಗಳು ಒಂದರ ಹಿಂದೊಂದು ಇಳಿಯುವುದನ್ನು ನೋಡಲು ಬೇಲಿಯ ಸುತ್ತ ಸಾವಿರಾರು ಜನ ನೆರೆದಿದ್ದರು. ಅವರಲ್ಲೂ ಅದರಲ್ಲಿ ಒಮ್ಮೆಯಾದರೂ ಕೂತವರು ಬೆರಳೆಣಿಕೆಯಷ್ಟೇ ಇದ್ದಿರಬೇಕು.

ಈಗ ಅಮೆರಿಕದಲ್ಲಿ ಮತ್ತೆ ಹುರುಪು ಬಂದಿದೆ. ಖಾಸಗಿ ಕಂಪನಿಯೊಂದರ ಸಣ್ಣ ಪರೀಕ್ಷಾ ವಿಮಾನ 2025ರ ಜನವರಿಯಲ್ಲಿ ಶಬ್ದವೇಗವನ್ನು ಮೀರಿತು. ಸದ್ದು ನೆಲ ಮುಟ್ಟದಂತೆ ಹಾರಿಸುತ್ತೇವೆ ಎನ್ನುತ್ತಿದ್ದಾರೆ. ಹಾರಿಸಲಿ, ಕೇಳಿ ನೋಡೋಣ.

ಇಷ್ಟೆಲ್ಲ ಓದಿದ ಮೇಲೆ ನನ್ನ ಮನಸ್ಸಿನಲ್ಲಿ ನಿಂತವಳು ಬಾರ್ಬರಾ ಹಾರ್ಮರ್. 1953ರಲ್ಲಿ ಹುಟ್ಟಿದ ಇಂಗ್ಲೆಂಡಿನ ಹುಡುಗಿ. ಹದಿನೈದಕ್ಕೆ ಶಾಲೆ ಬಿಟ್ಟು ಹೆಂಗಸರ ಕೂದಲು ಕತ್ತರಿಸುವ ಕೆಲಸಕ್ಕೆ ಸೇರಿದಳು. ಹದಿನೈದಕ್ಕೆ ಶಾಲೆ ಬಿಡುವ ಹುಡುಗಿಯರನ್ನು ಮೂವತ್ತು ವರ್ಷದಿಂದ ನೋಡುತ್ತಿದ್ದೇನೆ. ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಕೆಂಪು ಗೆರೆ ಎಳೆಯುವಾಗ ಕೈ ಈಗಲೂ ತಡೆಯುತ್ತದೆ. ಬಾರ್ಬರಾ ಕೆಲವು ವರ್ಷ ಕತ್ತರಿ ಹಿಡಿದು, ಆಮೇಲೆ ವಿಮಾನ ಸಂಚಾರ ನಿಯಂತ್ರಣದ ತರಬೇತಿಗೆ ಅರ್ಜಿ ಹಾಕಿದಳು. ಕೆಲಸ ಮಾಡುತ್ತಲೇ ಬಿಟ್ಟ ಓದು ಮುಗಿಸಿದಳು. ವಿಮಾನ ನಡೆಸುವುದನ್ನು ಕಲಿತು, ಬ್ಯಾಂಕಿನಲ್ಲಿ 10,000 ಪೌಂಡ್ ಸಾಲ ತೆಗೆದು ವೃತ್ತಿಪರ ಪೈಲಟ್ ಪರೀಕ್ಷೆ ಪಾಸು ಮಾಡಿದಳು. 1984ರಲ್ಲಿ ಬ್ರಿಟಿಷ್ ಕ್ಯಾಲಿಡೋನಿಯನ್ ಎಂಬ ಸಂಸ್ಥೆ ಸೇರಿದಳು. ಅದು ಮುಂದೆ ಬ್ರಿಟಿಷ್ ಏರ್‌ವೇಸ್‌ನೊಳಗೆ ವಿಲೀನವಾಯಿತು. 1993ರ ಮಾರ್ಚ್ 25ರಂದು ಆಕೆ ಕಾಂಕಾರ್ಡ್ ನಡೆಸುವ ಅರ್ಹತೆ ಪಡೆದ ಮೊದಲ ಮಹಿಳೆಯಾದರು. ಎಷ್ಟು ಹೊತ್ತಿಗೆ 'ಅವಳು' ಹೋಗಿ 'ಅವರು' ಬಂತೋ, ಬರೆಯುತ್ತಿದ್ದ ನನಗೂ ತಿಳಿಯಲಿಲ್ಲ. ಮುಂದೆ ಏರ್ ಫ್ರಾನ್ಸಿನ ಬಿಯಾತ್ರಿಸ್ ವಿಯಾಲ್ ಆ ಆಸನದಲ್ಲಿ ಕೂತರು. ಕಾಂಕಾರ್ಡಿನ ಇಪ್ಪತ್ತೇಳು ವರ್ಷಗಳ ಸೇವೆಯಲ್ಲಿ ಅದನ್ನು ನಿತ್ಯದ ಕೆಲಸವಾಗಿ ನಡೆಸಿದ ಹೆಂಗಸರು ಈ ಇಬ್ಬರೇ.

ಬಾರ್ಬರಾ ಹತ್ತು ವರ್ಷ, ಕಾಂಕಾರ್ಡ್ ನಿಲ್ಲುವವರೆಗೂ, ಅದನ್ನು ನಡೆಸಿದರು. ಆಮೇಲೆ ಎಲ್ಲರಂತೆ ಬೋಯಿಂಗ್ 777. ಬಿಡುವಿದ್ದಾಗಲೆಲ್ಲ ಅವರಿಗೆ ಹಾಯಿದೋಣಿಯ ಹುಚ್ಚು. ಅದರಲ್ಲೂ ಪರೀಕ್ಷೆ ಕಟ್ಟಿ ನಾಯಕಿಯ ಅರ್ಹತೆ ಪಡೆದಿದ್ದರು. ಮೂರೂವರೆ ಗಂಟೆಯಲ್ಲಿ ಮತ್ತೆ ಮತ್ತೆ ದಾಟಿದ ಅದೇ ಅಟ್ಲಾಂಟಿಕ್ ಸಾಗರವನ್ನು ದಾಟುವ ಹಾಯಿದೋಣಿಗಳ ಸ್ಪರ್ಧೆಯೊಂದಕ್ಕೆ, 2013ರಲ್ಲಿ, ತಮ್ಮದೇ ಹತ್ತೂವರೆ ಮೀಟರಿನ ದೋಣಿಯಲ್ಲಿ ಹೋಗಬೇಕೆಂದುಕೊಂಡಿದ್ದರು. ಗಾಳಿ ಬಂದರೆ ಹೋಗುವುದು, ಬರದಿದ್ದರೆ ನಿಲ್ಲುವುದು. ಕ್ಯಾನ್ಸರ್ ಆಗಿ 2011ರ ಫೆಬ್ರವರಿಯಲ್ಲಿ ತೀರಿಕೊಂಡರು. ಐವತ್ತೇಳು ವರ್ಷ.